ಚೌಕಾಬಾರ ಆಟಕ್ಕೆ 40,000 ಡೌನ್‌ಲೋಡ್ ಬಂದು ಮಲಗಿಬಿಟ್ಟಿದೆ, ಸಾಲ ಮಾಡಿ ಜಾಹೀರಾತು ಕೊಡಲಾ?

ಅಡ್ಮಿನ್: ಮೊಬೈಲ್ ಆಟ ಮಾಡುವವರ ಪ್ರಶ್ನೆಗಳಿಗೆ ಇವತ್ತು ವೀಣಾ ಮೇಡಂ ಉತ್ತರ ಕೊಡುತ್ತಾರೆ. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಆಟಗಳ ಲೆಕ್ಕ ನೋಡುವುದೇ ಅವರ ಕೆಲಸ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕಿರಣ್: ಮೇಡಂ, 1 ಲಕ್ಷ ಡೌನ್‌ಲೋಡಿಗೆ ಎಷ್ಟು ದುಡ್ಡು ಬರುತ್ತೆ?

ವೀಣಾ: ಡೌನ್‌ಲೋಡಿಗೆ ಯಾರೂ ದುಡ್ಡು ಕೊಡುವುದಿಲ್ಲ. ಜನ ಜಾಹೀರಾತು ನೋಡಿದರೆ, ಇಲ್ಲಾ ಆಟದೊಳಗೆ ಏನಾದರೂ ಕೊಂಡರೆ ಬರುತ್ತದೆ. ಹೆಚ್ಚಿನವರು ಏನನ್ನೂ ಕೊಳ್ಳುವುದಿಲ್ಲ.

ಸೌಮ್ಯ: ಪ್ಲೇ ಸ್ಟೋರ್‌ನಲ್ಲಿ ಹೊಸ ಖಾತೆ ಮಾಡಿದ್ದೇನೆ. 12 ಜನ 14 ದಿನ ಪರೀಕ್ಷೆ ಮಾಡಬೇಕಂತೆ. ಮನೆಯವರೇ ಮಾಡಿದರೆ ನಡೆಯುತ್ತಾ?

ಮಂಜು: ನಮಸ್ಕಾರ ಮೇಡಂ. ನಾನು ಚೌಕಾಬಾರ ಆಟ ಮಾಡಿದ್ದೇನೆ. ಬೇಸಿಗೆ ರಜೆಯಲ್ಲಿ ಒಂದು ರೀಲ್ ಓಡಿ 40,000 ಡೌನ್‌ಲೋಡ್ ಆಯಿತು. ಈಗ ದಿನಕ್ಕೆ ಆಡುವವರು 600 ಜನ, ಬರುವುದು 150 ರೂಪಾಯಿ. ಒಬ್ಬ ಏಜೆಂಟ್ ಡೌನ್‌ಲೋಡಿಗೆ 6 ರೂಪಾಯಿಯಂತೆ ಜನ ತಂದುಕೊಡುತ್ತೇನೆ ಅಂದಿದ್ದಾನೆ. ಹೆಂಡತಿಯ ಒಡವೆ ಅಡ ಇಟ್ಟು 3 ಲಕ್ಷ ತರೋಣ ಅಂತಿದ್ದೇನೆ. ಲೂಡೋ ಕಿಂಗ್ ಬೆಳೆದ ಹಾಗೆ ಇದೂ ಬೆಳೆಯಲ್ವಾ?

ವೀಣಾ: ಒಡವೆ ಮುಟ್ಟಬೇಡಿ, ಮೊದಲು ಇದು ಹೇಳಿ. ಹೊಸದಾಗಿ ಬಂದ 100 ಜನರಲ್ಲಿ ಮಾರನೇ ದಿನ ಎಷ್ಟು ಜನ ವಾಪಸ್ ಬರುತ್ತಾರೆ? ಒಬ್ಬರು ಸರಾಸರಿ ಎಷ್ಟು ದಿನ ಆಡುತ್ತಾರೆ?

ಮಂಜು: 14 ಜನ. ಸರಾಸರಿ 2 ದಿನ.

ಲೋಕೇಶ್: ಕಿರಣ್ ಕೇಳಿದ್ದೇ ನನ್ನದೂ. 1 ಲಕ್ಷಕ್ಕೆ ಎಷ್ಟು?

ವೀಣಾ: ಮೇಲೆ ಓದಿ.

ವೀಣಾ: ಮಂಜು, ಪೆನ್ನು ತಗೊಳ್ಳಿ. 600 ಜನರಿಂದ 150 ರೂಪಾಯಿ ಅಂದರೆ ಒಬ್ಬರಿಂದ ದಿನಕ್ಕೆ 25 ಪೈಸೆ. 2 ದಿನಕ್ಕೆ 50 ಪೈಸೆ. ಅವರನ್ನು ಕರೆತರಲು ಕೊಡುವುದು 6 ರೂಪಾಯಿ. 3 ಲಕ್ಷಕ್ಕೆ 50,000 ಜನ ಬರುತ್ತಾರೆ, ನಿಮ್ಮ ಕೈಗೆ ಬರುವುದು 25,000 ರೂಪಾಯಿ. ಅದೂ ಏಜೆಂಟ್ ನಿಜವಾದ ಮನುಷ್ಯರನ್ನು ತಂದರೆ! ಫೋನುಗಳನ್ನು ಸಾಲಾಗಿ ಇಟ್ಟುಕೊಂಡು ಡೌನ್‌ಲೋಡ್ ಮಾಡಿ ತೋರಿಸುವವರೂ ಇದ್ದಾರೆ.

ಲೂಡೋ ಕಿಂಗ್ 2016ರ ಆಟ. 2020ರ ಲಾಕ್‌ಡೌನ್‌ನಲ್ಲಿ ಅದು ಉಕ್ಕಿದ್ದು ನಿಜ. ಆದರೆ ಅಷ್ಟರಲ್ಲಿ ದೂರದ ಊರಿನ ನೆಂಟರ ಜೊತೆ ಆಡುವ ಅನುಕೂಲ ಅದರಲ್ಲಿ ಇತ್ತು. ಜನ ಬಂದಾಗ ಕೂರಲು ಜಗುಲಿ ಇತ್ತು ಅನ್ನಿ. ಕ್ಯಾಂಡಿ ಕ್ರಶ್ 2012ರದು, ಇನ್ನೂ ದುಡಿಯುತ್ತಿದೆ. 2021ರಲ್ಲಿ ಬಂದ ಟರ್ಕಿಯ ರಾಯಲ್ ಮ್ಯಾಚ್ 2023ರಲ್ಲಿ ತಿಂಗಳ ಗಳಿಕೆಯಲ್ಲಿ ಅದನ್ನೂ ಹಿಂದೆ ಹಾಕಿತು. ಅವರೂ ಜಾಹೀರಾತಿಗೆ ನೀರಿನ ಹಾಗೆ ಸುರಿಯುತ್ತಾರೆ. ಆದರೆ ಬಂದವರಲ್ಲಿ ಒಂದಷ್ಟು ಜನ ತಿಂಗಳುಗಟ್ಟಲೆ ಇರುತ್ತಾರೆ, ಕೊಳ್ಳುತ್ತಾರೆ. ಸುರಿದದ್ದು ಹಾಗೆ ವಾಪಸ್ ಬರುತ್ತದೆ. ನಿಮ್ಮದು ತೂತು ಕೊಡ.

ಈಗ ತಾನೇ ನಿಮ್ಮ ಆಟ ಹಾಕಿಕೊಂಡು ಆಡಿದೆ. ಎರಡನೇ ಸಲ ಕವಡೆ ಹಾಕುವಷ್ಟರಲ್ಲಿ ಪರದೆ ತುಂಬ ಜಾಹೀರಾತು. ಒಂದು ಕಾಯಿ ಕೂಡ ಹಣ್ಣಾಗಿರಲಿಲ್ಲ. ನಾನೇ ಮುಚ್ಚಿಬಿಟ್ಟೆ. ಅದನ್ನು ಆಟ ಮುಗಿದ ಮೇಲೆ ಹಾಕಿ. ಎರಡು ವಾರ ಬಿಟ್ಟು ಮಾರನೇ ದಿನದ ಲೆಕ್ಕ ನೋಡಿ. 14 ಏರದಿದ್ದರೆ ಜಾಹೀರಾತಿಗೆ 6 ರೂಪಾಯಿಯನ್ನೂ ಹಾಕಬೇಡಿ.

ಸಿದ್ದು: ಫ್ಲಾಪಿ ಬರ್ಡ್ ಯಾವ ಲೆಕ್ಕ ನೋಡಿತ್ತು? ಅದೃಷ್ಟ ಬೇಕು ಅಷ್ಟೇ.

ವೀಣಾ: 2013ರಲ್ಲಿ ಬಂದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. 2014ರ ಆರಂಭದಲ್ಲಿ ಪಟ್ಟಿಯ ತುದಿಗೇರಿತು. ಫೆಬ್ರವರಿಯಲ್ಲಿ ಮಾಡಿದವನೇ ತೆಗೆದುಹಾಕಿದ. ಅದನ್ನು ನಂಬಿ ಒಡವೆ ಇಡುತ್ತೀರಾ?

ಗಿರಿ: ಫಾರ್ವರ್ಡ್: "ಗುಂಪಿನವರೆಲ್ಲ ಒಬ್ಬರ ಆಟದ ಜಾಹೀರಾತನ್ನು ಇನ್ನೊಬ್ಬರು ದಿನಕ್ಕೆ 5 ಸಲ ಒತ್ತಿ. ಆದಾಯ ಡಬಲ್."

ವೀಣಾ: ಖಾತೆ ಬಂದ್ ಆಗಬೇಕಾ? ಸುಳ್ಳು ಒತ್ತು ಅಂತ ಗೊತ್ತಾದರೆ ಕಂಪನಿ ಬಾಕಿ ದುಡ್ಡನ್ನೂ ಕೊಡುವುದಿಲ್ಲ. ಇದೇ ಫಾರ್ವರ್ಡ್ ಇದು ನಾಲ್ಕನೇ ಸಲ ನೋಡುತ್ತಿದ್ದೇನೆ. ಅಡ್ಮಿನ್, ಅಳಿಸಿ.

ಗಿರಿ: ಹಾಗಾದರೆ ಮಂಜು 10 ರೂಪಾಯಿ ಪಂದ್ಯ ಇಡಲಿ. ಚೌಕಾಬಾರ ಬುದ್ಧಿಯ ಆಟ ಅಲ್ವಾ, ಜೂಜಲ್ಲ.

ವೀಣಾ: ಬುದ್ಧಿಯೋ ಅದೃಷ್ಟವೋ, 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಎರಡಕ್ಕೂ ಒಂದೇ. ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್ ಆಟ ಆಡಿಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಗಿರಿ, ಸುಮ್ನೆ ಇರಿ.

ಸಿದ್ದು: ಮಂಜು, ನಾನೂ ಆಡಿದೆ. ಎದುರಾಳಿಯ ಒಂದು ಕಾಯಿಯನ್ನೂ ಕಡಿಯದೆ ಒಳಮನೆಗೆ ಬಿಡುತ್ತೀಯಲ್ಲ, ಅದು ಯಾವ ಊರಿನ ಚೌಕಾಬಾರ?

ಶಾರದಾ: ನಮ್ಮ ಮನೆಯಲ್ಲಿ ಹಾಗೇ ಆಡುತ್ತಿದ್ದೆವು. ಅಜ್ಜಿ ಕಲಿಸಿದ್ದು.

ಸಿದ್ದು: ನಿಮ್ಮ ಅಜ್ಜಿ ಮಕ್ಕಳು ಅಳಬಾರದು ಅಂತ ಹಾಗೆ ಹೇಳಿರಬೇಕು.

ಶಾರದಾ: ಅಜ್ಜಿ ವಿಷಯಕ್ಕೆ ಬರಬೇಡಿ.

ಬಸವರಾಜ: ನಮ್ಮ ಕಡೆ ಇದಕ್ಕೆ ಚಕ್ಕ ಅಂತಾರೆ. ಕಡಿಯದಿದ್ದರೆ ಒಳಗೆ ಪ್ರವೇಶ ಇಲ್ಲ.

ಸೌಮ್ಯ: 12 ಜನರ ಪರೀಕ್ಷೆ ಬಗ್ಗೆ ಯಾರಾದರೂ ಹೇಳಿ?

ಸಿದ್ದು: ನೋಡಿ, ಬಸವರಾಜ ಅವರೂ ಅದನ್ನೇ ಹೇಳಿದರು!

ವೀಣಾ: ಮಂಜು, ಈ ಜಗಳವನ್ನು ಉಳಿಸಿಟ್ಟುಕೊಳ್ಳಿ. ನಿಮಗೆ ಒಂದು ಸ್ಟಾರ್ ಕೊಟ್ಟವರ ಮಾತು ಓದಿದೆ, ಸುಮಾರು ಜನ ಬರೆದದ್ದು ಇದನ್ನೇ. ಆಟ ಶುರುವಾಗುವ ಮೊದಲು ಯಾವ ಪದ್ಧತಿ ಬೇಕು ಅಂತ ಕೇಳಿ.

ಮಂಜು: ಆಯ್ತು ಮೇಡಂ. ಆದರೆ ಏಜೆಂಟ್ ನಾಳೆ 11ಕ್ಕೆ ಮನೆಗೇ ಬರುತ್ತಾನೆ. ಏನು ಹೇಳಲಿ?

ವೀಣಾ: ನಿಮ್ಮ ಹೆಂಡತಿಯನ್ನು ಮಾತಾಡಲು ಬಿಡಿ.

ಪ್ರಶಾಂತ್: ಲೇಟಾಗಿ ಬಂದೆ, ಸಾರಿ. 1 ಲಕ್ಷ ಡೌನ್‌ಲೋಡಿಗೆ ಎಷ್ಟು ಬರುತ್ತೆ ಮೇಡಂ?

ಅಡ್ಮಿನ್: ಮೇಡಂ ಆಫ್‌ಲೈನ್ ಹೋಗಿದ್ದಾರೆ.

ಬಸವರಾಜ: ಕಡಿಯದೆ ಒಳಗೆ ಬಿಡೋದು ತಪ್ಪೇ.