ಅಟ್ಟಕ್ಕೆ ಗಾಳಿಯಾಡಲು ಸಾಫಿಟ್ ವೆಂಟ್ ಹಾಕಿಸಿದವರು ಅನುಭವ ಹೇಳುವಿರಾ?

ಪ್ರಶ್ನೆ, ಡೆಟ್ರಾಯಿಟ್ ಹತ್ತಿರದಿಂದ:
ನಮ್ಮದು 1968ರಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮನೆ. ಅಟ್ಟ 40 ಅಡಿಗೆ 30 ಅಡಿ. ಹಿಂದಿನ ಮಾಲೀಕರು ಶಿಂಗಲ್ (ಚಾವಣಿಯ ಮೇಲ್ಹೊದಿಕೆಯ ಬಿಲ್ಲೆಗಳು) ಬದಲಿಸಿದಾಗ ಚಾವಣಿಯ ನೆತ್ತಿಯುದ್ದಕ್ಕೂ ಗಾಳಿ ಹೊರಹೋಗುವ ಕಿಂಡಿ, ಅಂದರೆ ರಿಡ್ಜ್ ವೆಂಟ್, ಹಾಕಿಸಿದ್ದಾರೆ. ಆದರೂ ಬೇಸಿಗೆಯಲ್ಲಿ ಅಟ್ಟಕ್ಕೆ ತಲೆ ಹಾಕಲಾಗದಷ್ಟು ಧಗೆ. ಚಳಿಗಾಲದಲ್ಲಿ ಒಳಗೆ ಇಣುಕಿದ ಮೊಳೆಗಳ ತುದಿಗೆಲ್ಲ ಹಿಮ ಕೂರುತ್ತದೆ, ಸೂರಿನ ಅಂಚಿನಲ್ಲಿ ಮಂಜುಗಡ್ಡೆಯ ಒಡ್ಡು ಬೆಳೆಯುತ್ತದೆ. ಒಬ್ಬ ಗುತ್ತಿಗೆದಾರರು ಸಾಫಿಟ್ಟಿನಲ್ಲಿ, ಅಂದರೆ ಸೂರಿನ ಅಡಿಯ ಹಲಗೆಯಲ್ಲಿ, ಗಾಳಿ ಒಳಬರುವ ಸಾಫಿಟ್ ವೆಂಟ್ ಕೊರೆಯಬೇಕು ಎನ್ನುತ್ತಾರೆ. ಇನ್ನೊಬ್ಬರು ಅಟ್ಟಕ್ಕೊಂದು ವಿದ್ಯುತ್ ಫ್ಯಾನ್ ಕೂರಿಸಿದರೆ ಸಾಕು ಎನ್ನುತ್ತಾರೆ. ಮಾಡಿಸಿದವರು, ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.

ಮಿಲ್ವಾಕಿಯಿಂದ:
ಫ್ಯಾನಿನ ಮಾತನ್ನು ಬದಿಗಿಡಿ. ಗಾಳಿ ಮೇಲಿನಿಂದ ಹೊರಹೋಗಲು ನಿಮ್ಮಲ್ಲಿ ದಾರಿ ಆಗಲೇ ಇದೆ. ಕೆಳಗಿನಿಂದ ಒಳಬರುವ ದಾರಿ ಇದ್ದಂತಿಲ್ಲ. ಹಾಗಿರುವಾಗ ಫ್ಯಾನ್ ತಿರುಗಿದರೆ ಗಾಳಿಯನ್ನು ಎಲ್ಲಿಂದ ಎಳೆಯಬೇಕು? ದೀಪದ ಕಿಂಡಿ, ವೈರಿನ ತೂತು, ಅಟ್ಟದ ಮುಚ್ಚಳದ ಸಂದಿ, ಎಲ್ಲೆಲ್ಲಿಂದಲೂ ನೀವು ದುಡ್ಡು ತೆತ್ತು ತಂಪು ಮಾಡಿದ ಗಾಳಿಯನ್ನೇ ಎಳೆದು ಹೊರಗೆ ಚೆಲ್ಲುತ್ತದೆ. ಚಿಮಣಿಗೆ ಜೋಡಿಸಿದ ಹಳೆಯ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದರ ಹೊಗೆ ಮನೆಯೊಳಕ್ಕೇ ತಿರುಗಬಹುದು. ಕಾರ್ಬನ್ ಮೊನಾಕ್ಸೈಡ್ ವಿಷಯದಲ್ಲಿ ಪ್ರಯೋಗ ಬೇಡ.

ಮಲೆನಾಡಿನ ನಮ್ಮ ಹೆಂಚಿನ ಮನೆಯಲ್ಲಿ ಈ ಲೆಕ್ಕವೇ ಇರಲಿಲ್ಲ. ಹೆಂಚುಗಳ ನಡುವಿನ ಸಂದಿಯಲ್ಲೇ ಒಲೆಯ ಹೊಗೆಯೂ ಹೋಗುತ್ತಿತ್ತು, ಗಾಳಿಯೂ ಆಡುತ್ತಿತ್ತು. ಇಲ್ಲಿನ ಚಾವಣಿ ಪ್ಲೈವುಡ್, ಅದರ ಮೇಲೆ ಟಾರಿನ ಹಾಳೆ, ಅದರ ಮೇಲೆ ಶಿಂಗಲ್. ಎಲ್ಲ ಬಿಗಿ. ಕಿಂಡಿಯನ್ನು ನಾವೇ ಇಡಬೇಕು.

ಈಗ ಲೆಕ್ಕ. ಇಲ್ಲಿನ ವಸತಿ ಕಟ್ಟಡ ಸಂಹಿತೆಯ ಮೂಲ ನಿಯಮದಂತೆ ಅಟ್ಟದ 150 ಚದರ ಅಡಿಗೆ ಒಂದು ಚದರ ಅಡಿ ತೆರಪು ಬೇಕು. ಆ ತೆರಪಿನ ಹೆಚ್ಚುಕಡಿಮೆ ಅರ್ಧ ನೆತ್ತಿಯ ಬಳಿ, ಉಳಿದದ್ದು ಸೂರಿನಲ್ಲಿ ಇದ್ದರೆ 300ಕ್ಕೆ ಒಂದು ಸಾಕು. ತೀರಾ ಚಳಿಯ ವಲಯಗಳಲ್ಲಿ ಆವಿ ತಡೆಯುವ ಪದರದ ಷರತ್ತೂ ಸೇರುತ್ತದೆ. ನಿಮ್ಮ 1,200 ಚದರ ಅಡಿಗೆ 4 ಚದರ ಅಡಿ, ಅಂದರೆ 576 ಚದರ ಅಂಗುಲ. ಮೇಲೆ 288, ಕೆಳಗೆ 288. ಇದು ಕನಿಷ್ಠ. ಆದರೆ ನಿಮ್ಮ ರಿಡ್ಜ್ ವೆಂಟ್ 40 ಅಡಿ ಉದ್ದವಿದ್ದು, ಸಾಮಾನ್ಯವಾಗಿ ಸಿಗುವಂತೆ ಅಡಿಗೆ 18 ಚದರ ಅಂಗುಲದ್ದಾದರೆ, ಮೇಲೆ ಈಗಾಗಲೇ 720 ಇದೆ. ಕೆಳಗೆ ಅಷ್ಟೇ ಇರಬೇಕು, ತುಸು ಹೆಚ್ಚಾದರೆ ಇನ್ನೂ ಒಳ್ಳೆಯದು. ಕಡಿಮೆಯಾದರೆ ಕೊರತೆಯನ್ನು ರಿಡ್ಜ್ ವೆಂಟ್ ನಿಮ್ಮ ಕೋಣೆಗಳಿಂದ ತುಂಬಿಕೊಳ್ಳುತ್ತದೆ.

ಅಡಿಗೆ 9 ಚದರ ಅಂಗುಲದ ಉದ್ದಪಟ್ಟಿ ವೆಂಟನ್ನು ಎರಡೂ ಬದಿಯ ಸೂರಿಗೆ ಪೂರ್ತಿ ಹಾಕಿಸಿದರೆ 80 ಅಡಿಗೆ ಸರಿಯಾಗಿ 720 ಬರುತ್ತದೆ. ಬಿಡಿ ವೆಂಟ್ ಆರಿಸಿದರೆ ಡಬ್ಬದ ಮೇಲಿನ ‘ನೆಟ್ ಫ್ರೀ ಏರಿಯಾ’ (ಗಾಳಿಗೆ ನಿಜವಾಗಿ ಸಿಗುವ ತೆರಪು) ಓದಿ. 16 ಅಂಗುಲಕ್ಕೆ 8 ಅಂಗುಲದ ವೆಂಟ್ ಎಂದರೆ 128 ಚದರ ಅಂಗುಲವಲ್ಲ. ಜಾಲರಿ, ಪಟ್ಟಿಗಳನ್ನು ಕಳೆದರೆ ಅರ್ಧದ ಆಸುಪಾಸು. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ.

ನ್ಯೂಜೆರ್ಸಿಯಿಂದ:
ಮೇಲಿನವರ ಲೆಕ್ಕ ಸರಿ. ಆದರೆ ಗರಗಸ ಹಿಡಿಯುವ ಮೊದಲು ಹಗಲಿನಲ್ಲಿ ಅಟ್ಟ ಹತ್ತಿ, ದೀಪ ಆರಿಸಿ, ಸೂರಿನ ಕಡೆ ನೋಡಿ. ಬೆಳಕಿನ ಗೆರೆ ಕಂಡರೆ ದಾರಿ ಇದೆ. ಕತ್ತಲಿದ್ದರೆ ಎರಡರಲ್ಲಿ ಒಂದು: ಶಾಖ ತಡೆಯಲು ಹಾಸುವ ಇನ್ಸುಲೇಷನ್, ಅಂದರೆ ಫೈಬರ್ ಗ್ಲಾಸನ್ನು, ಸೂರಿನವರೆಗೂ ತುರುಕಿದ್ದಾರೆ, ಇಲ್ಲವೇ ಸಾಫಿಟ್ಟೇ ಮುಚ್ಚಿದೆ. ನಮ್ಮ ಮನೆಯಲ್ಲಿ ಎರಡೂ ಇತ್ತು. ಹೊರಗಿನಿಂದ ಅಂದವಾದ, ತೂತು ತೂತಿನ ಅಲ್ಯೂಮಿನಿಯಂ ಹಾಳೆ; ಒಂದನ್ನು ಬಿಚ್ಚಿದರೆ ಹಿಂದೆ ಹಳೆಯ ಪ್ಲೈವುಡ್ ಅಖಂಡವಾಗಿ ಕೂತಿತ್ತು. ಅಷ್ಟು ವರ್ಷ ಆ ತೂತುಗಳು ಬರೀ ಅಲಂಕಾರ! ನಿಮ್ಮ ಕಾಲದ ಮನೆಗಳಲ್ಲಿ ಇದು ಅಪರೂಪವೇನಲ್ಲ.

ಕೊರೆದ ಮೇಲೂ ಕೆಲಸ ಅರ್ಧ ಮಾತ್ರ. ಚಾವಣಿ ಹೊರುವ ಓರೆ ಮರಗಳಾದ ರಾಫ್ಟರ್‌ಗಳಲ್ಲಿ ಪ್ರತಿ ಎರಡರ ನಡುವೆ ಬ್ಯಾಫಲ್ (ಗಾಳಿಯ ದಾರಿ ಮುಚ್ಚದಂತೆ ಕಾಯುವ ತೆಳು ಹಾಳೆ) ಹೊಡೆದು, ಇನ್ಸುಲೇಷನ್ ಮತ್ತು ಚಾವಣಿ ಹಲಗೆಯ ಮಧ್ಯೆ ಕನಿಷ್ಠ ಒಂದು ಅಂಗುಲ ತೆರಪು ಉಳಿಸಬೇಕು. ಬ್ಯಾಫಲ್ ಇಲ್ಲದ ವೆಂಟ್ ಗೋಡೆಗೆ ಎದುರಾಗಿ ತೆರೆದ ಕಿಟಕಿ. ಸೂರಿನ ಮೂಲೆಯಲ್ಲಿ ಅಂಗಾತ ಮಲಗಿ ಅದನ್ನು ಹೊಡೆಯುವುದು ಈ ಕೆಲಸದಲ್ಲೇ ಅತ್ಯಂತ ಯಾತನೆಯ ಭಾಗ. ದುಡ್ಡು ಕೊಡುವುದಿದ್ದರೆ ಅದಕ್ಕೆ ಕೊಡಿ, ಹೊರಗಿನ ಕೊರೆತವನ್ನು ಏಣಿ ಇಟ್ಟು ನೀವೇ ಮಾಡಬಹುದು.

1978ಕ್ಕೆ ಹಿಂದಿನ ಮನೆಯಾದ್ದರಿಂದ ಸಾಫಿಟ್ಟಿನ ಬಣ್ಣದಲ್ಲಿ ಸೀಸವಿರಬಹುದು. ಕೊರೆಯುವ ಮುನ್ನ ಪರೀಕ್ಷಿಸಿ. ಅಟ್ಟದಲ್ಲಿ ಹೊಳೆಯುವ ಪದರಪದರದ ಬೂದು ಅಥವಾ ಹೊಂಬಣ್ಣದ ಹರಳು ಕಂಡರೆ ಅದು ವರ್ಮಿಕ್ಯುಲೈಟ್, ಹಳೆಯ ಬಗೆಯ ಇನ್ಸುಲೇಷನ್. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದ ಮಾಲಿನಲ್ಲಿ ಕಲ್ನಾರು ಬೆರೆತಿತ್ತು. ಕಂಡರೆ ಮುಟ್ಟದೆ ಇಳಿದು ಬನ್ನಿ.

ಸ್ಯಾಕ್ರಮೆಂಟೊದಿಂದ:
ನಿಮಗೆ ಅನ್ವಯಿಸದು, ಓದುವ ಕ್ಯಾಲಿಫೋರ್ನಿಯಾದವರಿಗಾಗಿ: ಕಾಡ್ಗಿಚ್ಚಿನ ಅಪಾಯವಿರುವ ವಲಯದಲ್ಲಿ ಸಾಮಾನ್ಯ ಜಾಲರಿಯ ವೆಂಟ್ ಹಾಕಬೇಡಿ. ಹಾರಿ ಬರುವ ಕೆಂಡ ಅಟ್ಟ ಸೇರುವುದೇ ಆ ದಾರಿಯಲ್ಲಿ. ಕೆಂಡ ತಡೆಯುವ, ಅನುಮೋದಿತ ವೆಂಟ್‌ಗಳಿವೆ. ಬೆಲೆ ಹೆಚ್ಚು, ಬೇರೆ ದಾರಿಯಿಲ್ಲ.

ಡೆಟ್ರಾಯಿಟ್‌ನವರು:
ಎಲ್ಲರಿಗೂ ಧನ್ಯವಾದ. ಅಟ್ಟ ಹತ್ತಿ ನೋಡಿದೆ. ಸೂರಿನ ಕಡೆ ಗಾಢ ಕತ್ತಲು. ವರ್ಮಿಕ್ಯುಲೈಟ್ ಇಲ್ಲ, ನಸುಗೆಂಪು ಫೈಬರ್ ಗ್ಲಾಸ್ ಮಾತ್ರ. ಇನ್ನೊಂದು ಕಂಡಿತು: ಬಚ್ಚಲುಮನೆಯ ಫ್ಯಾನಿನ ಕೊಳವೆ ಎಲ್ಲಿಗೂ ಸೇರದೆ ಫೈಬರ್ ಗ್ಲಾಸಿನ ಮೇಲೆ ಸುಮ್ಮನೆ ಬಿದ್ದಿದೆ. ಹೇಗೂ ಸಾಫಿಟ್ ಕೊರೆಯುತ್ತೇವಲ್ಲ, ಕೊಳವೆಯ ಬಾಯಿಯನ್ನು ಅಲ್ಲಿಗೇ ಕೊಡಬಹುದೇ?

ಮಿಲ್ವಾಕಿಯಿಂದ:
ಮೊಳೆಯ ಮೇಲಿನ ಹಿಮಕ್ಕೆ ಮುಖ್ಯ ಕಾರಣ ಬಹುಶಃ ಅದೇ, ಸ್ನಾನದ ಹಬೆ. ಸಾಫಿಟ್ಟಿಗೆ ಖಂಡಿತ ಬೇಡ. ಅಲ್ಲಿ ಬಿಟ್ಟ ಹಬೆಯನ್ನು ಪಕ್ಕದ ವೆಂಟ್ ಹೀರಿ ಮತ್ತೆ ಅಟ್ಟಕ್ಕೇ ತರುತ್ತದೆ. ಚಾವಣಿಯಲ್ಲಿ ಅಥವಾ ತ್ರಿಕೋನದ ಪಕ್ಕಗೋಡೆಯಲ್ಲಿ ಮುಚ್ಚಳವಿರುವ ಬಾಯಿ ಕೊಡಿಸಿ, ಕೊಳವೆಗೆ ಇನ್ಸುಲೇಷನ್ ಸುತ್ತಿಸಿ. ಇಲ್ಲದಿದ್ದರೆ ಒಳಗೇ ನೀರಾಗಿ ಹಿಂದಕ್ಕೆ ತೊಟ್ಟಿಕ್ಕುತ್ತದೆ.

ಮಂಜುಗಡ್ಡೆಯ ಒಡ್ಡಿಗೂ ವೆಂಟ್ ಒಂದೇ ಮದ್ದಲ್ಲ. ಮನೆಯ ಶಾಖ ಸೋರಿ ಮೇಲಿನ ಹಿಮ ಕರಗುತ್ತದೆ, ಆ ನೀರು ತಣ್ಣಗಿರುವ ಸೂರಿಗೆ ಬಂದು ಹೆಪ್ಪುಗಟ್ಟುತ್ತದೆ. ಫೈಬರ್ ಗ್ಲಾಸ್ ಎತ್ತಿ ನೋಡಿ. ಅಡಿಭಾಗ ಕಪ್ಪಾಗಿದ್ದರೆ ಅಲ್ಲೇ ಕೆಳಗೆ ಗಾಳಿ ಸೋರುತ್ತಿದೆ. ವೈರಿನ ತೂತುಗಳಿಗೆ ಫೋಮ್, ಚಿಮಣಿಯ ಸುತ್ತ ಮಾತ್ರ ತಗಡು ಮತ್ತು ಬೆಂಕಿ ತಾಳುವ ಸೀಲಂಟ್. ಸೋರಿಕೆ ಮುಚ್ಚುವುದು ಮೊದಲು, ಬ್ಯಾಫಲ್ ಆಮೇಲೆ, ಕೊರೆತ ಕೊನೆಗೆ. ಪಕ್ಕಗೋಡೆಯಲ್ಲಿ ಹಳೆಯ ಗೇಬಲ್ ವೆಂಟ್ ಇದ್ದರೆ ಒಳಗಿನಿಂದ ಮುಚ್ಚಿಬಿಡಿ. ಇಲ್ಲವಾದರೆ ರಿಡ್ಜ್ ವೆಂಟ್ ಸೂರನ್ನು ಬಿಟ್ಟು ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಮತ್ತೆ, ಜಂತಿಯ ಮೇಲೆ ಮಾತ್ರ ಕಾಲಿಡಿ. ನಡುವೆ ಇರುವುದು ಬರೀ ಡ್ರೈವಾಲ್, ಕೆಳಗಿನ ಕೋಣೆಯ ತೆಳು ಜಿಪ್ಸಂ ಹಲಗೆ.