'ಇಂಜುರಿ' ಅಂದರೆ ಗಾಯವೋ, ಪೆಟ್ಟೋ?

ಗೆಳೆಯರೇ,

ಕಲಬುರಗಿಯಿಂದ ಒಂದು ಪ್ರಶ್ನೆ. ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳುವ ಒಂದು ಆರೋಗ್ಯ ಸಮೀಕ್ಷೆಯ ನಮೂನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ 'ರೋಡ್ ಟ್ರಾಫಿಕ್ ಇಂಜುರಿ' ಅಂತಿದೆ. ನಾನು ಸುಮ್ನೆ 'ರಸ್ತೆ ಸಂಚಾರ ಗಾಯ' ಅಂತ ಬರೆದುಬಿಟ್ಟೆ. ಓದಿದರೆ ಸಂಚಾರಕ್ಕೇ ಗಾಯ ಆದ ಹಾಗಿದೆ. ಅದಿರಲಿ, ನಿಜವಾದ ತೊಂದರೆ ಕೊಟ್ಟಿದ್ದು 'ಗಾಯ'.

ಜೇವರ್ಗಿ ರಸ್ತೆಯ ಒಂದು ಹಳ್ಳಿಯಲ್ಲಿ ನಮೂನೆಯನ್ನು ಮೊದಲು ಬಳಸಿ ನೋಡಿದೆವು. ಒಂದು ಮನೆಯಲ್ಲಿ ಇಪ್ಪತ್ತೇಳರ ಹುಡುಗ ಹೊರಸಿನ ಮೇಲೆ ಮಲಗಿದ್ದ. ರಾತ್ರಿ ಬೈಕಿನಲ್ಲಿ ಬರುವಾಗ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿಗೆ ಗುದ್ದಿದ್ದನಂತೆ. ತೊಡೆಯೊಳಗೆ ರಾಡು. ಹೊಲಿಗೆ ಮಾಗಿತ್ತು, ಆದರೆ ತೊಗರಿ ರಾಶಿ ಹೊತ್ತಿಗೂ ಎದ್ದಿರಲಿಲ್ಲ. ಆಶಾ ಕಾರ್ಯಕರ್ತೆ 'ಗಾಯ' ಕಾಲಂನಲ್ಲಿ 'ಇಲ್ಲ' ಅಂತ ಬರೆದಿದ್ದರು. ಕೇಳಿದರೆ, "ಗಾಯ ಎಲ್ಲಿ ಅದರಿ? ಎಲುಬು ಮುರದದ" ಅಂದರು.

ಅವರದು ತಪ್ಪಲ್ಲ. ನಮ್ಮ ಕಡೆ ಗಾಯ ಅಂದರೆ ಚರ್ಮ ಹರಿಯಬೇಕು, ರಕ್ತ ಬರಬೇಕು. ಒಳಗೆ ನೊಂದದ್ದು 'ಪೆಟ್ಟು', 'ಒಳಪೆಟ್ಟು'. ಬೀದರ್ ಕಡೆ ಮರಾಠಿ ಬಲ್ಲವರು 'ಮುಕಾ ಮಾರ' ಅಂತಾರೆ. ಮೂಕ ಹೊಡೆತ! ಎಷ್ಟು ಚೆಂದದ ಮಾತು, ಅಲ್ವಾ?

'ಜಖಂ' ಇದೆಯಲ್ಲ ಅಂತೀರೇನೋ. ಪಾರಸಿಯಲ್ಲಿ ಅದು ಮೈಮೇಲಿನ ಗಾಯವೇ. ನಮ್ಮ ಪತ್ರಿಕೆಗಳಲ್ಲಿ ಜಾಸ್ತಿ ಜಖಂ ಆಗುವುದು ಬಸ್ಸು, ಲಾರಿ; ಒಳಗಿದ್ದವನು 'ಗಾಯಾಳು'.

ಒಂದು ಪದಕ್ಕೆ ಇಷ್ಟೆಲ್ಲ ಯಾಕೆ ಅಂದರೆ, ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ ಶೇ. 92ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಆದರೆ ಆ ದೇಶಗಳಲ್ಲಿರುವ ವಾಹನ ಜಗತ್ತಿನ ಸುಮಾರು ಶೇ. 60 ಮಾತ್ರ. ಸಾಯದೆ ಪೆಟ್ಟು ತಿಂದವರು ವರ್ಷಕ್ಕೆ 2 ಕೋಟಿಯಿಂದ 5 ಕೋಟಿ ಅಂತ ಅಂದಾಜು. ಎರಡಕ್ಕೂ ಐದಕ್ಕೂ ನಡುವೆ ಎಷ್ಟು ಅಂತರ ನೋಡಿ! ಆ ಹುಡುಗನಂಥವರು ಕಳೆದುಹೋಗುವುದು ಅಲ್ಲೇ.

'ಅಪಘಾತ' ಪದವನ್ನೇ ಬಿಡಿ ಅಂತ ಒಬ್ಬರು ಹೇಳಿದರು. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 'ಆಕ್ಸಿಡೆಂಟ್' ಪದವನ್ನು ಕೈಬಿಟ್ಟಿತ್ತು. ತಡೆಯಬಹುದಾದದ್ದನ್ನೂ ಹಣೆಬರಹ ಅನ್ನುವ ಹಾಗೆ ಕೇಳುತ್ತದೆ ಅಂತ. ಇಂಗ್ಲಿಷಿಗೆ ಅದು ಸರಿ. ಕನ್ನಡಕ್ಕೆ ಯಾಕೆ? 'ಘಾತ' ಅಂದರೆ ಹೊಡೆತ. ಹಣೆಬರಹದ ವಾಸನೆ ಇರುವುದು 'ಆಕಸ್ಮಿಕ'ದಲ್ಲಿ.

ಇನ್ನು ನಮೂನೆಯಲ್ಲಿರುವ 'ಬರ್ಡನ್', ಅಂದರೆ ರೋಗ, ಪೆಟ್ಟುಗಳಿಂದ ಜನರ ಮೇಲೆ ಬೀಳುವ ಒಟ್ಟು ಭಾರದ ಲೆಕ್ಕ. 'ಹೊರೆ' ಅಂತ ಹಾಕಿದ್ದಕ್ಕೆ "ಕಣಕಿ ಹೊರಿ ಏನ್ರಿ?" (ಜೋಳದ ದಂಟಿನ ಹೊರೆಯೇ?) ಅಂತ ನಕ್ಕರು. ಈ ಲೆಕ್ಕದಲ್ಲಿ ಎರಡು ಸೇರುತ್ತವೆ: ಬೇಗ ಸತ್ತು ಕಳೆದುಕೊಂಡ ವರ್ಷಗಳು, ಊನ ಹೊತ್ತು ಬದುಕಿದ ವರ್ಷಗಳು. ಹೊರುವುದು ಅದರಲ್ಲೇ ಇದೆ, ಹಾಗಾಗಿ 'ಹೊರೆ' ಉಳಿಸಿಕೊಂಡೆ.

ಸದ್ಯಕ್ಕೆ ಕಾಲಂ ಹೀಗಿದೆ: 'ರಸ್ತೆಯಲ್ಲಿ ಆದ ಪೆಟ್ಟು – ಗಾಯ, ಮುರಿತ, ಒಳಪೆಟ್ಟು ಎಲ್ಲ ಸೇರಿ'. ಮೈಸೂರು, ಮಂಗಳೂರು ಕಡೆ 'ಪೆಟ್ಟು' ಅಂದರೆ ಮೂಳೆ ಮುರಿದದ್ದೂ ಸೇರುತ್ತದೆಯೇ, ಅಥವಾ ಬರೀ ಹೊಡೆತವೇ? 'ಏಟು' ಇನ್ನೂ ಹಗುರ ಅನ್ನಿಸುತ್ತದೆಯೇ? ನಿಮ್ಮ ಮನೆಯಲ್ಲಿ ಅಜ್ಜಿ ಏನಂತಾರೋ ಅದನ್ನೇ ಬರೆಯಿರಿ. ನಿಘಂಟು ನನ್ನ ಹತ್ತಿರವೂ ಇದೆ.