ಗೇಟಿನಿಂದ ಬಾಗಿಲಿಗೆ 9 ಮೀಟರ್: ಹೊರಗೆ ಎಂಥ ಕ್ಯಾಮೆರಾ ಹಾಕಿಸೋದು?

ಪ್ರಶ್ನೆ

ಒಂಟಿ ಮನೆ. ಗೇಟಿನಿಂದ ಮುಂಬಾಗಿಲಿಗೆ ಸುಮಾರು 9 ಮೀಟರ್, ಪಕ್ಕದಲ್ಲಿ ಒಂದು ಮೀಟರ್ ಅಗಲದ ಓಣಿ, ಹಿಂದೆ ಬಟ್ಟೆ ಒಣಹಾಕುವ ಜಾಗ. ರಾತ್ರಿ ಗೇಟಿನ ಹತ್ತಿರ ಬೆಳಕು ಅಷ್ಟಕ್ಕಷ್ಟೇ. 8 ಮೆಗಾಪಿಕ್ಸೆಲ್‌ನ ಒಂದೇ ಕ್ಯಾಮೆರಾ ಮಹಡಿಯ ಮೂಲೆಗೆ ಹಾಕಿದರೆ ಎಲ್ಲವೂ ಕಾಣುತ್ತೆ ಅಂತ ಒಬ್ಬರು ಹೇಳ್ತಾರೆ, ಬ್ಯಾಟರಿಯ ವೈಫೈ ಕ್ಯಾಮೆರಾ ಸಾಕು ಅಂತ ಇನ್ನೊಬ್ಬರು. ಹಾಕಿಸಿದ ಮೇಲೆ ಅದರ ತಂಟೆಗೆ ಹೋಗುವ ಹಾಗಿರಬಾರದು. ಬಲ್ಲವರು ತಿಳಿಸಿ.

ಉತ್ತರ 1

ಮೂಲೆಯಿಂದ ಎಲ್ಲವೂ ಕಾಣುತ್ತೆ ಅನ್ನೋದು ಸುಳ್ಳಲ್ಲ. ಯಾರೋ ಬಂದರು, ಹೋದರು ಅಂತ ಗೊತ್ತಾಗುತ್ತೆ. ಬಂದವರು ಯಾರು ಅಂತ ಗೊತ್ತಾಗಲ್ಲ, ಅಷ್ಟೇ. ಮೆಗಾಪಿಕ್ಸೆಲ್ ಎಷ್ಟು ಅಂತ ಕೇಳೋದು ಬಿಟ್ಟು, ಮುಖ ಹಾದುಹೋಗುವ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ ಬೀಳುತ್ತೆ ಅಂತ ಲೆಕ್ಕ ಹಾಕಿ. ಕಣ್ಗಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ ಅಪರಿಚಿತರ ಗುರುತು ಹಿಡಿಯೋಕೆ ಮೀಟರಿಗೆ 250 ಪಿಕ್ಸೆಲ್ ಬೇಕು. ಪರಿಚಯದವರನ್ನು ಇವರೇ ಅನ್ನೋಕೆ 125. ಯಾರೋ ಇದ್ದಾರೆ ಅನ್ನೋಕೆ 25 ಸಾಕು.

2.8 ಮಿಲಿಮೀಟರ್ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತೆ. 9 ಮೀಟರ್ ದೂರದ ಗೇಟಿನ ಹತ್ತಿರ ಆ ಚಿತ್ರದ ಅಗಲ 21 ಮೀಟರ್ ಚಿಲ್ಲರೆ. 8 ಮೆಗಾಪಿಕ್ಸೆಲ್‌ನ ಅಡ್ಡಸಾಲಿನಲ್ಲಿರೋದು 3840 ಪಿಕ್ಸೆಲ್. ಅಷ್ಟಗಲಕ್ಕೆ ಹಂಚಿದರೆ ಮೀಟರಿಗೆ 180 ಸಹ ಬರಲ್ಲ. ಅದೇ 4 ಮೆಗಾಪಿಕ್ಸೆಲ್‌ಗೆ 6 ಮಿಲಿಮೀಟರ್ ಲೆನ್ಸ್ ಇದ್ದರೆ ನೋಟ 50 ಡಿಗ್ರಿ ಆಸುಪಾಸು. ಗೇಟಿನಲ್ಲಿ ಚಿತ್ರದ ಅಗಲ 9 ಮೀಟರ್ ಒಳಗೇ, 2560 ಪಿಕ್ಸೆಲ್ ಹಂಚಿದರೂ ಮೀಟರಿಗೆ 280ರ ಮೇಲೆ. ಅರ್ಧದಷ್ಟೇ ಮೆಗಾಪಿಕ್ಸೆಲ್ ಇರುವ ಕ್ಯಾಮೆರಾ ಗೆಲ್ಲೋದು ಲೆನ್ಸಿನಿಂದ. ಡಿಗ್ರಿ ಸೆನ್ಸರ್‌ಗೆ ತಕ್ಕಂತೆ ಸ್ವಲ್ಪ ಬದಲಾಗುತ್ತೆ, ಆಯಾ ಮಾಡೆಲ್‌ನ ವಿವರಪಟ್ಟಿಯಲ್ಲಿ ಅಡ್ಡ ಕೋನ ನೋಡಿಕೊಳ್ಳಿ.

ಇನ್ನು ಎತ್ತರ. 2.7 ಮೀಟರ್ ಎತ್ತರದಲ್ಲಿಟ್ಟರೆ 4 ಮೀಟರ್ ಆಚೆ ನಿಂತವರ ಮುಖವನ್ನು ಕ್ಯಾಮೆರಾ ಸುಮಾರು 15 ಡಿಗ್ರಿ ಮೇಲಿನಿಂದ ನೋಡುತ್ತೆ. ಕಣ್ಣು ಮೂಗು ಬಾಯಿ ಎಲ್ಲ ಸಿಗುತ್ತೆ. ಅದನ್ನೇ 4.5 ಮೀಟರ್‌ಗೆ ಏರಿಸಿ, ಕೋನ 36 ಡಿಗ್ರಿ ಆಗುತ್ತೆ; ಒಂದು ಟೋಪಿ ಹಾಕಿ ಬಂದರೆ ನಿಮಗೆ ಸಿಗೋದು ಟೋಪಿಯ ಚಿತ್ರ. ಕೈಗೆ ಎಟುಕಬಾರದು, ಮುಖ ತಪ್ಪಬಾರದು. ಎರಡಕ್ಕೂ ಹೊಂದುವ ಎತ್ತರ 2.5ರಿಂದ 3 ಮೀಟರ್.

ಹಾಗಾಗಿ ಮಹಡಿ ಮೂಲೆ ಬೇಡ. ಬಾಗಿಲ ಮೇಲಿನ ಸಜ್ಜಾ ಹತ್ತಿರದಿಂದ ಗೇಟಿನ ಕಡೆಗೆ 6 ಮಿಲಿಮೀಟರ್‌ನದೊಂದು, ಬಾಗಿಲ ಮುಂದಿನ ನಾಲ್ಕು ಮೀಟರ್‌ಗೆ 2.8ರದೊಂದು. ಎರಡೂ 4 ಮೆಗಾಪಿಕ್ಸೆಲ್ ಸಾಕು.

ಉತ್ತರ 2

ಮೇಲಿನ ಲೆಕ್ಕ ಸರಿ, ಆದರೆ ಅದು ಹಗಲಿನ ಲೆಕ್ಕ. ಹೊರಗಿನ ಕ್ಯಾಮೆರಾದ ನಿಜವಾದ ಯೋಗ್ಯತೆ ತಿಳಿಯೋದು ರಾತ್ರಿ. ಬೆಳಕು ಕಡಿಮೆಯಾದಾಗ ಆಟೋ ಸೆಟ್ಟಿಂಗ್ ಶಟರ್ ಅನ್ನು 1/12 ಸೆಕೆಂಡಿನ ತನಕ ತೆರೆದಿಡುತ್ತೆ. ಚಿತ್ರ ಬೆಳ್ಳಗೆ, ಚೆಂದ ಕಾಣುತ್ತೆ. ಅಂಗಡಿಯಲ್ಲಿ ತೋರಿಸೋದೂ ಅದನ್ನೇ, ಯಾಕೆಂದರೆ ಅಲ್ಲಿ ಯಾರೂ ಅಲುಗಾಡ್ತಿರಲ್ಲ. ಮಾಮೂಲಿ ನಡಿಗೆ ಸೆಕೆಂಡಿಗೆ 1.4 ಮೀಟರ್ ಅಂತಿಟ್ಟುಕೊಳ್ಳಿ. 1/12 ಸೆಕೆಂಡಿನಲ್ಲಿ ಅಡ್ಡ ಹೋಗುವವರು 11-12 ಸೆಂಟಿಮೀಟರ್ ಸರಿದಿರುತ್ತಾರೆ. ಮುಖದ ಅಗಲವೇ 15-16 ಸೆಂಟಿಮೀಟರ್! ಮುಖ ಮುಖದ ಮೇಲೆಯೇ ಕಲಸಿಹೋಗುತ್ತೆ. 1/100 ಇಟ್ಟರೆ ಸರಿಯೋದು ಒಂದೂವರೆ ಸೆಂಟಿಮೀಟರ್ ಒಳಗೆ. ಚಿತ್ರ ಕಪ್ಪಾಗುತ್ತೆ, ಕಾಳು ಕಾಳಾಗುತ್ತೆ, ಆದರೆ ಮುಖ ಮುಖವಾಗಿ ಇರುತ್ತೆ. ಶಟರ್ ಕೈಯಾರೆ ಇಡೋಕೆ ಬಿಡದ ಕ್ಯಾಮೆರಾ ಗೇಟಿಗೆ ಬೇಡವೇ ಬೇಡ.

ಆ ಕಪ್ಪನ್ನು ಸರಿದೂಗಿಸೋಕೆ ಎರಡು ದಾರಿ. ಒಂದು, ದೊಡ್ಡ ಸೆನ್ಸರ್: 1/1.8 ಇಂಚಿನ 4 ಮೆಗಾಪಿಕ್ಸೆಲ್ ರಾತ್ರಿ ಹೊತ್ತು 1/2.7 ಇಂಚಿನ 8 ಮೆಗಾಪಿಕ್ಸೆಲ್ ಅನ್ನು ಮೀರಿಸುತ್ತೆ. ಸಣ್ಣ ಸೆನ್ಸರ್‌ನಲ್ಲಿ ಪಿಕ್ಸೆಲ್ ತುರುಕಿದಷ್ಟೂ ಒಂದೊಂದಕ್ಕೆ ಬೀಳುವ ಬೆಳಕು ಕಡಿಮೆ. ಎರಡು, ಗೇಟಿನ ಹತ್ತಿರ ಒಂದು ಎಲ್ಇಡಿ ದೀಪ. ಕ್ಯಾಮೆರಾದ ಕಣ್ಣಿಗೆ ನೇರ ಹೊಡೆಯದ ಹಾಗೆ, ಮುಖದ ಕಡೆ ಬೀಳುವ ಹಾಗೆ. ದುಡ್ಡು ಒಂದಕ್ಕೇ ಇದೆ ಅಂದರೆ ದೀಪಕ್ಕೆ ಹಾಕಿ.

ಐಆರ್, ಅಂದರೆ ಕತ್ತಲಲ್ಲಿ ನೋಡೋಕೆ ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕಿನ ಬಗ್ಗೆ: 850 ನ್ಯಾನೋಮೀಟರ್‌ನದ್ದು ಕತ್ತಲಲ್ಲಿ ಮಂದ ಕೆಂಪಾಗಿ ಕಾಣುತ್ತೆ, ದೂರಕ್ಕೂ ಹೋಗುತ್ತೆ. 940ರದ್ದು ಕಣ್ಣಿಗೆ ಕಾಣಲ್ಲ, ಆದರೆ ದೂರ ಕಡಿಮೆ. ಕ್ಯಾಮೆರಾ ಪಕ್ಕದಲ್ಲೇ ಬಿಳಿ ಗೋಡೆಯೋ ಸಜ್ಜಾದ ಅಂಚೋ ಚಿತ್ರದೊಳಗೆ ಬಂದರೆ ಐಆರ್ ಅದಕ್ಕೆ ಹೊಡೆದು ವಾಪಸ್ ಬರುತ್ತೆ. ಮೂಲೆಯೊಂದು ಸುಣ್ಣ ಬಳಿದಂತೆ ಬೆಳ್ಳಗಾಗಿ ಉಳಿದದ್ದೆಲ್ಲ ಕತ್ತಲು. ಜೇಡರ ಬಲೆಯ ಕಥೆಯೂ ಅದೇ. ಕ್ಯಾಮೆರಾ ಹತ್ತಿರ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಲೆನ್ಸಿನ ಮುಂದೆ ಒಂದು ಎಳೆ ಬಿದ್ದರೆ ರಾತ್ರಿ ಅದು ಬಿಳಿ ಹಗ್ಗದ ಹಾಗೆ ಹೊಯ್ದಾಡುತ್ತೆ. ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿನ ಮೆತ್ತನೆ ಬ್ರಷ್ ಆಡಿಸಲೇಬೇಕು. ತಂಟೆಯೇ ಇಲ್ಲದ ಹೊರಗಿನ ಕ್ಯಾಮೆರಾ ಅಂತ ಯಾವುದೂ ಇಲ್ಲ.

ಗುಮ್ಮಟದ ಹಾಗಿರುವ ಡೋಮ್ ತಗೊಳ್ಳಬೇಡಿ. ಆ ಪ್ಲಾಸ್ಟಿಕ್ ಮುಚ್ಚಳಕ್ಕೆ ಧೂಳು, ಮಳೆಹನಿ ಕೂತರೆ ಐಆರ್ ಒಳಗೇ ಚೆದುರಿ ಚಿತ್ರಕ್ಕೆ ಮಂಜು ಕವಿಯುತ್ತೆ. ಲೆನ್ಸ್ ಬೇರೆ, ಐಆರ್ ಬೇರೆ ಗಾಜಿನ ಹಿಂದಿರುವ ಟರೆಟ್ ಒಳ್ಳೆಯದು.

ಉತ್ತರ 3

ತಂಟೆಗೆ ಹೋಗಬಾರದು ಅಂದರೆ ವೈರ್ ಎಳೆಸಿ. ಪಿಒಇ (ಪವರ್ ಓವರ್ ಈಥರ್ನೆಟ್) ಆದರೆ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕರೆಂಟೂ ಚಿತ್ರವೂ. 802.3ಎಎಫ್ ಅನ್ನೋ ಪಿಒಇ ಮಾನದಂಡದ ಪೋರ್ಟ್ 15.4 ವ್ಯಾಟ್ ಕೊಡುತ್ತೆ, 100 ಮೀಟರ್ ಕೇಬಲ್ ದಾಟಿ ಕ್ಯಾಮೆರಾಗೆ 12.95 ವ್ಯಾಟ್ ತಲುಪುತ್ತೆ ಅನ್ನೋ ಲೆಕ್ಕದಲ್ಲಿ ಅದನ್ನು ರೂಪಿಸಿದ್ದಾರೆ. ತಿರುಗುವ ಕ್ಯಾಮೆರಾ ಅಲ್ಲದಿದ್ದರೆ ಅಷ್ಟು ಧಾರಾಳ.

ಕೇಬಲ್ ಕ್ಯಾಟ್-6, ಶುದ್ಧ ತಾಮ್ರದ್ದು, ಬಿಸಿಲು ತಡೆಯುವ ಕಪ್ಪು ಹೊರಪದರದ್ದು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಕೇಬಲ್ ಅಗ್ಗಕ್ಕೆ ಸಿಗುತ್ತೆ, ಅದಕ್ಕೆ ಮೋಸಹೋಗಬೇಡಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಿಬಣ್ಣ ಕಂಡರೆ ಅದೇ. ರೋಧ ಜಾಸ್ತಿ, ಹಗಲಿಡೀ ಚೆನ್ನಾಗಿ ನಡೆದು ರಾತ್ರಿ ಐಆರ್ ಹೊತ್ತಿಕೊಂಡ ಕೂಡಲೇ ಕ್ಯಾಮೆರಾ ರೀಸ್ಟಾರ್ಟ್ ಆಗ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಇರಲಿ.

ಕ್ಯಾಮೆರಾ ಕೆಡೋದು ಬಹಳ ಸಲ ಅದರ ಬಾಲದಿಂದ, ಮೈಯಿಂದಲ್ಲ. ಐಪಿ66, ಐಪಿ67 ಅಂತ ಬರೆದಿರುವ ಧೂಳು-ನೀರಿನ ರಕ್ಷಣೆ ಕ್ಯಾಮೆರಾದ ಡಬ್ಬಿಗೆ ಮಾತ್ರ. ಹಿಂದೆ ನೇತಾಡುವ ಜಾಯಿಂಟಿಗೆ ನೀರು ಹೋದರೆ ಪಿನ್ ಹಸಿರುಗಟ್ಟಿ ಕೆಲವೇ ತಿಂಗಳಲ್ಲಿ ಲಿಂಕ್ ಹೋಗುತ್ತೆ. ಪೆಟ್ಟಿಗೆಯಲ್ಲಿ ಬರುವ ವಾಟರ್‌ಪ್ರೂಫ್ ಕ್ಯಾಪಿನ ನಟ್, ರಬ್ಬರ್, ಕೊಳವೆ ಮೂರನ್ನೂ ಇದೇ ಕ್ರಮದಲ್ಲಿ ಕೇಬಲ್‌ಗೆ ಮೊದಲು ತೂರಿಸಿ, ಆಮೇಲೆ ಕೇಬಲ್ ತುದಿಗೆ ಆರ್‌ಜೆ45 ಪ್ಲಗ್ ಒತ್ತಿ ಕೂರಿಸಬೇಕು, ಅಂದರೆ ಕ್ರಿಂಪ್ ಮಾಡಬೇಕು. ಅವಸರದಲ್ಲಿ ಮೊದಲೇ ಕ್ರಿಂಪ್ ಮಾಡಿ, ಕ್ಯಾಪ್ ಏರಲ್ಲ ಅಂತ ಟೇಪ್ ಸುತ್ತಿ ಹೋಗ್ತಾರೆ. ಪಕ್ಕದಲ್ಲಿ ನಿಂತು ನೋಡಿ. ಜಾಯಿಂಟ್ ಜಂಕ್ಷನ್ ಬಾಕ್ಸ್ ಒಳಗಿರಲಿ, ಕೇಬಲ್ ಕೆಳಗಿನಿಂದ ಒಳಹೋಗಲಿ, ಹೋಗುವ ಮುನ್ನ ಒಂದು ಬಳುಕು ಕೆಳಗೆ ಇಳಿಬಿದ್ದಿರಲಿ. ನೀರು ಆ ಬಳುಕಿನ ತುದಿಯಿಂದ ತೊಟ್ಟಿಕ್ಕುತ್ತೆ, ಒಳಗೆ ಹರಿಯಲ್ಲ. ಬಾಕ್ಸಿನ ಸುತ್ತ ಸಿಲಿಕೋನ್ ಮೇಲೆ ಮತ್ತು ಎರಡು ಪಕ್ಕಕ್ಕೆ ಮಾತ್ರ. ಕೆಳಗೆ ಬಿಡಿ, ಒಳಗಿನ ತೇವ ಹೊರಬರಬೇಕಲ್ಲ.

ಉತ್ತರ 4

ಬ್ಯಾಟರಿ ಕ್ಯಾಮೆರಾವನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ, ವೈರ್ ಹೋಗದ ಜಾಗಕ್ಕೆ ಅದೇ ಗತಿ. ಆದರೆ ಬಹುಪಾಲು ಬ್ಯಾಟರಿ ಕ್ಯಾಮೆರಾಗಳು ನಿದ್ದೆಯಲ್ಲಿರುತ್ತವೆ, ಶಾಖ ಗ್ರಹಿಸುವ ಪಿಐಆರ್ ಎಬ್ಬಿಸಿದ ಮೇಲೆ ರೆಕಾರ್ಡ್ ಶುರು. ಎಚ್ಚರಗೊಳ್ಳುವಷ್ಟರಲ್ಲಿ ಆಸಾಮಿ ಬೆನ್ನು ತಿರುಗಿಸಿರಬಹುದು. ಪಿಐಆರ್‌ಗೆ ಅಡ್ಡ ಹೋಗುವವರು ಬೇಗ ಸಿಗ್ತಾರೆ, ನೇರ ಎದುರು ಬರುವವರು ತಡವಾಗಿ. ಆದ್ದರಿಂದ ದಾರಿಗೆ ಎದುರಾಗಿ ಬೇಡ, ಓರೆಯಾಗಿ ಕೂರಿಸಿ. ವೈಫೈ ಸಿಗ್ನಲ್ ಕ್ಯಾಮೆರಾ ಕೂರುವ ಜಾಗದಲ್ಲೇ ಫೋನಿನಿಂದ ಅಳೆಯಿರಿ. ಮೈನಸ್ 65 ಡಿಬಿಎಂ ಆಸುಪಾಸು ಇದ್ದರೆ ಚಿಂತೆಯಿಲ್ಲ, ಮೈನಸ್ 75 ದಾಟಿದರೆ ಚಿತ್ರ ಕಡಿದು ಕಡಿದು ಬರುತ್ತೆ. ಹಿತ್ತಲಿಗೆ ಓಕೆ, ಗೇಟಿಗೆ ಬೇಡ.

ಉತ್ತರ 5

ರೆಕಾರ್ಡಿಂಗ್ ಲೆಕ್ಕ ಯಾರೂ ಹೇಳಲಿಲ್ಲ. ವಿಡಿಯೋ ಕುಗ್ಗಿಸುವ ಎಚ್.265 ವಿಧಾನದಲ್ಲಿ 4 ಮೆಗಾಪಿಕ್ಸೆಲ್‌ಗೆ 4 ಎಂಬಿಪಿಎಸ್ ಇಟ್ಟರೆ ದಿನಕ್ಕೆ 43.2 ಜಿಬಿ. ಅಂದರೆ 128 ಜಿಬಿ ಮೆಮೊರಿ ಕಾರ್ಡ್ ಮೂರು ದಿನಕ್ಕೂ ಸಾಲದು. ನಾಲ್ಕು ಕ್ಯಾಮೆರಾ 24 ಗಂಟೆ ಓಡಿದರೆ ದಿನಕ್ಕೆ 173 ಜಿಬಿ, 4 ಟಿಬಿ ಡಿಸ್ಕ್ ಸುಮಾರು 23 ದಿನ. ಆ ಡಿಸ್ಕ್ ಇರುವ ರೆಕಾರ್ಡರ್ ಪೆಟ್ಟಿಗೆ, ಅಂದರೆ ಎನ್‌ವಿಆರ್ ಅನ್ನು ಹಾಲ್‌ನ ಟಿವಿ ಪಕ್ಕ ಇಡಬೇಡಿ, ಕಳ್ಳರು ಟಿವಿ ಜೊತೆ ಅದನ್ನೂ ಎತ್ತಿಕೊಂಡು ಹೋಗ್ತಾರೆ. ಎನ್‌ವಿಆರ್, ಪಿಒಇ ಸ್ವಿಚ್, ರೂಟರ್ ಮೂರೂ ಒಂದೇ ಯುಪಿಎಸ್ ಮೇಲಿರಲಿ. ರೂಟರ್ ಮರೆತರೆ ಕರೆಂಟ್ ಹೋದಾಗ ರೆಕಾರ್ಡ್ ಆಗುತ್ತೆ, ಫೋನಿಗೆ ಸುದ್ದಿ ಬರಲ್ಲ.

ಕ್ಯಾಮೆರಾ ಮತ್ತು ಎನ್‌ವಿಆರ್ ಬೇರೆ ಬೇರೆ ಕಂಪನಿಯದಾದರೆ ಬೇರೆ ಕಂಪನಿಗಳ ಸಾಧನಗಳನ್ನು ಹೊಂದಿಸುವ ಒನ್‌ವಿಫ್ ಮಾನದಂಡದ ಪ್ರೊಫೈಲ್ ಟಿ ಇದೆಯಾ ನೋಡಿ. ಬರೀ ಪ್ರೊಫೈಲ್ ಎಸ್ ಇದ್ದರೆ ಎಚ್.265 ಕೈಕೊಡಬಹುದು.

ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶದ ದಾಳಿ ನೆನಪಿರಬಹುದು: ಫ್ಯಾಕ್ಟರಿ ಪಾಸ್‌ವರ್ಡ್‌ನಲ್ಲೇ ಉಳಿದಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದೇ ಅದು ಬೆಳೆದದ್ದು. ರೂಟರ್‌ನಲ್ಲಿ ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಆಫ್ ಮಾಡಿ, ಹೊರಗಿನಿಂದ ನೋಡೋಕೆ ಪೋರ್ಟ್ ತೆರೆಯಬೇಡಿ, ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿಯಾದ ವಿಪಿಎನ್ ಬಳಸಿ. ಕ್ಯಾಮೆರಾದ ಗಡಿಯಾರವನ್ನು ಎನ್‌ಟಿಪಿಗೆ, ಅಂದರೆ ಇಂಟರ್ನೆಟ್‌ನಿಂದ ಸರಿಯಾದ ಸಮಯ ಕೊಡುವ ಸೇವೆಗೆ ಹೊಂದಿಸಿ. ಹತ್ತು ನಿಮಿಷ ತಪ್ಪು ತೋರಿಸುವ ವಿಡಿಯೋ ಸಾಕ್ಷಿಯಾಗುವ ಬದಲು ತಲೆನೋವಾಗುತ್ತೆ.

ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದ. ಪಕ್ಕದ ಓಣಿಗೆ ಏನು ಮಾಡಲಿ? ಉದ್ದ 12 ಮೀಟರ್, ಅಗಲ ಒಂದೇ ಮೀಟರ್. ಮತ್ತೆ, ಗೋಡೆ ಕೊರೆಯೋ ಮೊದಲು ಜಾಗ ಸರಿಯಿದೆಯಾ ಅಂತ ತಿಳಿಯೋದು ಹೇಗೆ?

ಉತ್ತರ 1

ಓಣಿಗೆ ಕ್ಯಾಮೆರಾವನ್ನು 90 ಡಿಗ್ರಿ ಹೊರಳಿಸಿ ಕೂರಿಸಿ, ಸೆಟ್ಟಿಂಗ್‌ನಲ್ಲಿ ಚಿತ್ರವನ್ನೂ 90 ಡಿಗ್ರಿ ತಿರುಗಿಸಿ. ಕಾರಿಡಾರ್ ಮೋಡ್ ಅಂತ ಇರುತ್ತೆ. ಅಗಲ ಚಿತ್ರ ಉದ್ದ ಚಿತ್ರವಾಗುತ್ತೆ, ಎರಡು ಪಕ್ಕದ ಗೋಡೆಗೆ ಸುಮ್ಮನೆ ಹೋಗ್ತಿದ್ದ ಪಿಕ್ಸೆಲ್ ಓಣಿಯ ಉದ್ದಕ್ಕೆ ಸಿಗುತ್ತೆ. ಗೋಡೆ ಇಷ್ಟು ಹತ್ತಿರ ಇರೋದರಿಂದ ಐಆರ್ ತೀವ್ರತೆ ಇಳಿಸಿ.

ಕೊರೆಯೋ ಮೊದಲು ಕ್ಯಾಮೆರಾವನ್ನು ಉದ್ದ ಕೋಲಿನ ತುದಿಗೆ ಬಿಗಿಯಾಗಿ ಕಟ್ಟಿ, ಆ ಜಾಗದಲ್ಲೇ ನಿಲ್ಲಿಸಿ, ಉದ್ದ ಕೇಬಲ್ ಹಾಕಿ ಒಂದು ರಾತ್ರಿ ಓಡಿಸಿ. ಮನೆಯವರೊಬ್ಬರು ಟೋಪಿ ಹಾಕಿಕೊಂಡು ಗೇಟಿನಿಂದ ಬಾಗಿಲಿಗೆ ಮಾಮೂಲಿ ವೇಗದಲ್ಲಿ ನಡೆಯಲಿ, ಕ್ಯಾಮೆರಾ ಕಡೆ ನೋಡಬಾರದು. ಲೈವ್ ಚಿತ್ರ ನೋಡಿ ತೀರ್ಮಾನಿಸಬೇಡಿ. ರೆಕಾರ್ಡ್ ಆದದ್ದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಒಂದಾದರೂ ಫ್ರೇಮಿನಲ್ಲಿ ಮುಖ ಸ್ಪಷ್ಟ ಸಿಕ್ಕರೆ ಕೊರೆಯಿರಿ. ಸೂರ್ಯ ಹುಟ್ಟುವಾಗ, ಮುಳುಗುವಾಗಲೂ ಒಮ್ಮೆ ನೋಡಿ; ಬಿಸಿಲು ನೇರ ಲೆನ್ಸಿಗೆ ಬಿದ್ದರೆ ಬೆಳಕು-ನೆರಳನ್ನು ಸರಿದೂಗಿಸುವ ಡಬ್ಲ್ಯುಡಿಆರ್ 120 ಡಿಬಿ ಇದ್ದರೂ ಕೈಲಾಗಲ್ಲ, ದಿಕ್ಕು ಒಂದಿಷ್ಟು ಬದಲಿಸಬೇಕು. ಪಕ್ಕದ ಮನೆಯ ಕಿಟಕಿ ಚಿತ್ರದೊಳಗೆ ಬಂದರೆ ಪ್ರೈವಸಿ ಮಾಸ್ಕ್ ಹಾಕಿ ಮುಚ್ಚಿ.

ಉತ್ತರ 4

ಹಿತ್ತಲಲ್ಲಿ ಬಟ್ಟೆ ಒಣಹಾಕ್ತೀರಿ ಅಂದಿರಲ್ಲ. ಚಿತ್ರದ ಬದಲಾವಣೆ ನೋಡಿ ಎಚ್ಚರಿಸುವ ಮಾಮೂಲಿ ಮೋಷನ್ ಡಿಟೆಕ್ಷನ್ ಇಟ್ಟರೆ ಒಂದು ಸೀರೆ ಹಾರಾಡಿದರೂ ಫೋನ್ ಬಡಿದುಕೊಳ್ಳುತ್ತೆ, ಎರಡೇ ದಿನಕ್ಕೆ ನೋಟಿಫಿಕೇಶನ್ ಆಫ್ ಮಾಡಿಬಿಡ್ತೀರಿ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇಡಿ, ದಾಟಿದರೆ ಎಚ್ಚರಿಸುವ ಗೆರೆಯನ್ನು ಬಟ್ಟೆಯ ಹಗ್ಗದಿಂದಾಚೆ, ಕಾಂಪೌಂಡ್ ಗೋಡೆಯ ಬುಡದಲ್ಲಿ ಎಳೆಯಿರಿ.